ಕಡೆಯ ನಲ್ಲಿಯ ಅಧ್ಯಕ್ಷರು

...ಅಥವಾ ಗೌರಾಬಾಯಿಯವರ ಮನೆ ಕಾಲೊನಿಯ ಕಡೆಯದೇ ಆಗಿರಲಿಲ್ಲವೇನೋ. ಅದರಾಚೆ ಇನ್ನೊಂದು ಮನೆ ಇತ್ತೆಂದು ನನ್ನ ಹೆಂಡತಿ ಈಗಲೂ ವಾದಿಸುತ್ತಾಳೆ. ನೆನಪೂ ಆಳಂದದ ನಮ್ಮ ನಲ್ಲಿಯಂತೆಯೇ ನೋಡಿ: ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ಕೆಂಪು ನೀರು, ತಿಳಿಯಾಗುವಷ್ಟರಲ್ಲಿ ನಿಂತೇ ಹೋಗುತ್ತದೆ.

ಇಷ್ಟಂತೂ ಗಟ್ಟಿ. ಎಂಬತ್ತರ ದಶಕದಲ್ಲಿ ಸ್ವಂತ ಮನೆ ಕಟ್ಟಿಕೊಂಡ ನಾವೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಸಂಘಕ್ಕೊಂದು ನೀರಿನ ಟಾಕಿ, ಟಾಕಿಯ ವಾಲ್ವಿಗೊಂದು ಚಾವಿ, ಚಾವಿಗೊಬ್ಬ ಅಧ್ಯಕ್ಷರು. ಅಧ್ಯಕ್ಷರೆಂದರೆ ತೊಗರಿ ಅಡತಿಯ ವ್ಯಾಪಾರಿ ಶರಣಪ್ಪ ಸಾವ್ಕಾರರು. ಪ್ರತಿ ವರ್ಷವೂ ಅವಿರೋಧ ಆಯ್ಕೆ, ಅದೂ ಅವರದೇ ಪಡಸಾಲೆಯಲ್ಲಿ. ಅವರ ಮನೆಯ ಮಿರ್ಚಿ ಭಜಿ ಬಾಯಲ್ಲಿಟ್ಟುಕೊಂಡು ವಿರೋಧಿಸುವುದಾದರೂ ಹೇಗೆ? "ಈ ಸಲ ಬ್ಯಾಡ್ರೆಪಾ, ನನಗ ಸಾಕಾಗ್ಯದ" ಎಂದು ಅವರು ಕೈ ಮುಗಿಯುವ ಹೊತ್ತಿಗೆ ಒಳಗಿನಿಂದ ಹಾರ ಬಂದಿರುತ್ತಿತ್ತು.

ನಮ್ಮ ಸೀಮೆಯಲ್ಲಿ ಸಮಾನತೆ ಎಲ್ಲರ ನಾಲಿಗೆಯ ಮೇಲಿದೆ. ನೀರು ಮಾತ್ರ ಇಳಿಜಾರನ್ನು ನಂಬುತ್ತದೆ, ಚಾವಿಯನ್ನು ನಂಬುತ್ತದೆ. ಏರಿನ ತುದಿಯ ಗೌರಾಬಾಯಿಯವರನ್ನು ತಲುಪುವ ಮೊದಲೇ ವಾಲ್ವು ಬಂದ್ ಆಗುತ್ತಿತ್ತು. ಸರ್ಕಾರಿ ದವಾಖಾನೆಯ ನರ್ಸು ಅವರು. ಬಾವಿಯಿಂದ ಕೊಡ ಹೊತ್ತು, ದಿನವೂ ತಡವಾಗಿ ಹೋಗಿ ಡಾಕ್ಟರರಿಂದ ಬೈಸಿಕೊಳ್ಳುತ್ತಿದ್ದರು.

ಒಂದು ವರ್ಷದ ಸಭೆಯಲ್ಲಿ ಅವರು ಭಜಿ ಮುಟ್ಟಲಿಲ್ಲ. "ಒಂದು ಕಾಯ್ದೆ ಮಾಡ್ರಿ ಸಾವ್ಕಾರ್ರ. ಯಾರ ಮನಿಗೆ ನೀರು ಎಲ್ಲಾರಿಗಿಂತ ಕಡೀಕ ಬರ್ತದೋ ಅವರೇ ಅಧ್ಯಕ್ಷರು."

ಸಭೆ ನಕ್ಕಿತು. ಸಾವ್ಕಾರರೂ ನಕ್ಕರು: "ಆಗ್ಲಿ ಬಿಡ್ರಿ ಅಕ್ಕೋರ. ಕಡೀ ಮನಿಯವ್ರು ಅನಿಸಿಕೊಳ್ಳಾಕ ಯಾರಿಗೆ ಹೌಸಿ ಅದ?" ನಗುತ್ತಲೇ ಎಲ್ಲರೂ ಕೈಯೆತ್ತಿದೆವು. ಚಾವಿ ಗೌರಾಬಾಯಿಯವರ ಸೆರಗಿನ ಗಂಟು ಸೇರಿತು.

ಆ ವರ್ಷ ಅವರು ನೀರನ್ನು ಏರಿನ ಮನೆಗಳಿಗೆ ಮೊದಲು ಬಿಟ್ಟರು, ಇಳಿಜಾರಿಗೆ ಆಮೇಲೆ. ಎಲ್ಲರಿಗೂ ಸಾಲುತ್ತಿತ್ತು. ಮುಂದಿನ ಚುನಾವಣೆ ಬಂದಾಗಲೇ ನಮ್ಮ ಸುಧಾರಣೆಯ ಸೊಗಸು ಕಂಡದ್ದು. ತಮ್ಮ ಗುಲಾಬಿ ಗಿಡಗಳನ್ನು ದಾರಿಹೋಕರಿಗೆ ಕರೆದು ತೋರಿಸುತ್ತಿದ್ದ ಸಾವ್ಕಾರರು ಅವು ಬಾಡಲೆಂದು ಕಾದರು. ತುಂಬಿದ ಪೀಪಾಯಿಗಳಿಗೆ ಗೋಣಿತಟ್ಟು ಹೊದಿಸಿದರು. "ಹನಿ ನೀರಿಲ್ರಿ ನಮಗ" ಎಂದರು. ಇಡೀ ಕಾಲೊನಿ ಬರಿಗೊಡ ಹಿಡಿದು ಸಭೆಗೆ ಬಂತು. ಪದವಿಗಾಗಿ ಇಷ್ಟು ಬಾಯಾರಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರೀಕ್ಷೆಯೇ ಆಗಲಿ ಎಂದಾಯಿತು. ಮರುದಿನ ಬೆಳಿಗ್ಗೆ ಗೌರಾಬಾಯಿಯವರಿಂದ ಚಾವಿ ಇಸಿದುಕೊಂಡು ಸಾವ್ಕಾರರೇ ವಾಲ್ವು ತೆರೆದರು. ನಾವು ಮನೆಮನೆಗೆ ಹೋಗಿ ನಲ್ಲಿ ತಿರುಗಿಸಿದೆವು. ಎಲ್ಲ ಕಡೆಯೂ ನೀರು ಧಾರಾಳವಾಗಿ ಬಂದು ಮನೆಯವರ ಮಾನ ಕಳೆಯಿತು. ಗೌರಾಬಾಯಿಯವರ ನಲ್ಲಿ ಮಾತ್ರ ಉಸ್ಸೆಂದು ಸುಮ್ಮನಾಯಿತು.

"ಎಲ್ಲೋ ಒಳಗ ಬಂದ್ ಮಾಡ್ಯಾಳ್ರಿ ಈಕಿ!" ಎಂದು ಸಾವ್ಕಾರರು ಕೂಗಿದರು.

"ಇಷ್ಟು ವರ್ಷ ಚಾವಿ ನಿಮ್ಮ ಕೈಯಾಗಿತ್ತಲ್ರಿ," ಗೌರಾಬಾಯಿ ದವಾಖಾನೆಯ ಚೀಲ ಹೆಗಲಿಗೇರಿಸುತ್ತ ಕೇಳಿದರು, "ಆವಾಗ ಬಂದ್ ಮಾಡಿದವ್ರು ಯಾರ್ರಿ?"

ಕಾಯ್ದೆಯ ಪ್ರಕಾರ ಅವರೇ ಮತ್ತೆ ಅಧ್ಯಕ್ಷರಾದರು. ಹೊತ್ತಿಗೆ ಸರಿಯಾಗಿ ಕೆಲಸಕ್ಕೂ ಹೋದರು.

ಆ ಬೆಳಿಗ್ಗೆ ಅವರ ನಲ್ಲಿಗೆ ನೀರು ಬರಲಿಲ್ಲವೋ, ಅವರೇ ಬರಗೊಡಲಿಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಅವರ ಕಾಲದಲ್ಲಿ ನಮ್ಮ ಮನೆಗೆ ನೀರು ಚೆನ್ನಾಗಿ ಬರುತ್ತಿತ್ತು.