ಕಬ್ಬಿನ ಬೆನ್ನು ಹತ್ತಿದ ರಾಯವ್ವ

ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಕಬ್ಬಿನ ಹಾಲು ಮಾರುವ ರಾಯವ್ವಕ್ಕ ಈಟಿ ಎಸೆಯಲು ಕಲಿಸಿದ ಮೊದಲ ಶಿಷ್ಯ ನಾನು. ಬಾಜೂದ ಪಂಕ್ಚರ್ ಅಂಗಡಿಯಲ್ಲಿ ನನಗೆ ಪಗಾರ. ಕೆಲಸಕ್ಕಿಂತ ಮೊಬೈಲ್ ನೋಡುವುದೇ ಹೆಚ್ಚು. ಈಟಿ ಇರಲಿಲ್ಲ, ಉದ್ದನೆಯ ಕಬ್ಬೇ ಈಟಿ.

"ಅಂಗೈ ಮ್ಯಾಲ ಮಾಡು. ಮೊಣಕೈ ಎತ್ತು. ಎಮ್ಮಿ ಹೊಡ್ಯಾಕತ್ತೀಯೇನ?"

ಎಸೆದೆ. ಕಬ್ಬು ಹಿಂದಕ್ಕೆ ಜಾರಿ ನಮ್ಮ ಮಾಲಕರ ಟೈರುಗಳ ನಡುವೆ ಬಿತ್ತು.

"ನಿನ್ನ ಹಿಂದ ನಿಂತಾವಗ ವಿಮಾ ಮಾಡಸಬೇಕು ನೋಡು," ಎಂದಳು.

ಸಾಲಿಯಲ್ಲಿದ್ದಾಗ ಅವಳು ಬೆಳಗಾವಿಯ ಜಿಲ್ಲಾ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದಳು. ಅದೇ ವಾರ ಮದುವೆ. ಬೆಳಗಾವಿ ಅಲ್ಲಿಗೇ ತಪ್ಪಿತು. ಈಗ ಹುಕ್ಕೇರಿಯ ದಸರಾ ಕೂಟದಲ್ಲಿ ಗೆದ್ದರೆ ಮತ್ತೆ ಬೆಳಗಾವಿ. ಆದರೆ ಸ್ಪರ್ಧೆಗೆ ಇನ್ನೊಬ್ಬ ಹೆಣ್ಣುಮಗಳಾದರೂ ಬೇಕೆಂದರು ಕೂಟದವರು. ಊರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ರಾಯವ್ವಕ್ಕ ತನ್ನ ಅತ್ತೆ ಭರಮವ್ವನ ಹೆಸರನ್ನೇ ಬರೆಸಿದಳು.

"ನಾ ಬರೇ ಲೆಕ್ಕಕ್ಕ ಹೌದಿಲ್ಲೊ?" ಎಂದಳು ಮುದುಕಿ.

"ಹೂಂ ಅತ್ತಿ. ನಿಂತಲ್ಲಿಂದನ ಒಗೀರಿ. ಮೂತಿ ಮೊದಲ ನೆಲಕ್ಕ ಹತ್ತಬೇಕು, ಗೆರಿ ದಾಟಬಾರ್ದು. ಇಷ್ಟ."

ಅಂಗಡಿಯ ಹಿಂದಿನ ಬಯಲಲ್ಲಿ ತಾಲೀಮು. ಅಲ್ಲೇ ಆಡು ಕಾಯುವ ಭೀಮಶಿಯ ಹಿಂಡು. ಕಬ್ಬು ಬೀಳುವುದೇ ತಡ, ಬಾಯಿ ಹಾಕುತ್ತಿದ್ದವು. ಓಡಿ ತರುವ ಕೆಲಸ ನನ್ನದು. ನಾನು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಅರ್ಧ ಕಬ್ಬು ಹೋಗಿರುತ್ತಿತ್ತು. ಹಾಗಾಗಿ ರಾಯವ್ವಕ್ಕ ಎಸೆದವಳೇ ತಾನೇ ಅದರ ಹಿಂದೆ ಓಡುತ್ತಿದ್ದಳು. ಆಮೇಲೆ ಅದೇ ಕಬ್ಬನ್ನು ತೊಳೆದು ಗಾಣಕ್ಕೆ ಕೊಡುತ್ತಿದ್ದಳು. ಗಿರಾಕಿಗಳು ರುಚಿ ಹೊಗಳುತ್ತಿದ್ದರು.

ಕೂಟದ ದಿನ ಅವಳ ಮೊದಲ ಈಟಿ ಎಲ್ಲರ ಬಾಯಿ ತೆರೆಸುವಷ್ಟು ದೂರ ಹಾರಿತು. ಹಿಂದೆಯೇ ಅವಳೂ ಗೆರೆ ದಾಟಿ ಓಡಿದಳು. ಕೆಂಪು ಬಾವುಟ.

"ಎಲ್ಲಿ ಹೊಂಟ್ರಿ ಅಕ್ಕಾರ?" ಎಂದ ನಿರ್ಣಾಯಕ.

"ಆಡು ತಿಂತಾವಂತ..." ಅರ್ಧಕ್ಕೇ ನಿಲ್ಲಿಸಿದಳು.

ಎರಡನೆಯದಕ್ಕೂ ಕಾಲು ಕೇಳಲಿಲ್ಲ. ಮೂರನೆಯದೇ ಕೊನೆ. ಎಸೆದು, ಗೆರೆಯ ಒಳಗೇ ಒಂಟಿಗಾಲಲ್ಲಿ ತೂಗಾಡುತ್ತ ನಿಂತಳು. ಈಟಿ ನೆಲಕ್ಕೆ ನಾಟಿತು. ನಾನು ಚಪ್ಪಾಳೆ ಹೊಡೆದೆ. ಅವಳು ನೆಟ್ಟಗೆ ಮುಂದೆ ಹೋಗಿ ಈಟಿ ಕಿತ್ತು ತಂದಳು. ಮತ್ತೆ ಕೆಂಪು.

"ಬೀಳೂತನ ನಿಂತಿದ್ನೆಲ್ರಿ!"

"ಬಿದ್ದ ಮ್ಯಾಲೂ ಗೆರಿ ಹಿಂದಿಂದನ ಹೊರಗ ಬರಬೇಕ್ರಿ."

ಭರಮವ್ವ ಸೆರಗು ಸಿಕ್ಕಿಸಿ, ನಿಂತಲ್ಲಿಂದಲೇ ಎಸೆದಳು. ಈಟಿ ಕಣ್ಣೆದುರಿಗೇ ಬಿತ್ತು, ಆದರೆ ಮೂತಿ ಊರಿ ಬಿತ್ತು. ಮೊಣಕಾಲು ನೋವಿನಾಕೆ, ಅದನ್ನು ತಿರುಗಿಯೂ ನೋಡದೆ ಗೆರೆಯ ಹಿಂದಿನ ನೆರಳಿಗೆ ಹೋಗಿ ಕೂತಳು. ಬಿಳಿ ಬಾವುಟ. ಪ್ರಥಮ ಸ್ಥಾನ.

ರಾಯವ್ವಕ್ಕ ಹೋಗಿ ಅತ್ತೆಯ ಬಾಜೂ ನೆರಳಲ್ಲಿ ಕೂತಳು. ಅತ್ತೆಯೇ ಮಾತು ತೆಗೆದಳು.

"ಕಲಿಸಿದಾಕಿ ಬಾಜೂ ಕುಂತ್ರ ಅಷ್ಟ ನಾ ಬೆಳಗಾವಿ ಬಸ್ ಹತ್ತಾಕಿ."

"ಅಲ್ಲಿ ಓಡಿಬಂದು ಒಗ್ಯಾವ್ರು ಇರ್ತಾರ್ರಿ ಅತ್ತಿ."

"ಹಂಗಾರ ಓಡಾಕ ಕಲಸು."

ರಾಯವ್ವಕ್ಕ ಮುದುಕಿಯ ಮೊಣಕಾಲು ನೋಡಿದಳು. ನಗು ತಡೆಯಲಾಗಲಿಲ್ಲ.

"ಮೊದಲ ಚಪ್ಪಲ್ ಬಿಚ್ಚರಿ," ಎಂದು ಎದ್ದು ನಿಂತಳು.