ಪೊಮೊನಾದ ಕಟ್ಟಿಗೆ ಲೇನಿನ ಮೇಲೆ ಅವ್ವ

ನನ್ನ ಅವ್ವ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದವಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಗುಂಡು ಎಸೆತ, ಖೋ ಖೋ, ಥ್ರೋಬಾಲ್ ಎಲ್ಲವನ್ನೂ ಕಲಿಸಿ, ಹುಡುಗಿಯರನ್ನು ಬಸ್ಸಿಗೆ ಹತ್ತಿಸಿಕೊಂಡು ಪಂದ್ಯಗಳಿಗೆ ಹೋಗಿ ಬರುತ್ತಿದ್ದಳು. ಆದರೆ ಅವಳೇ ಆಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಸೀಟಿ ಊದುವುದಷ್ಟೇ ಅವಳ ಪಾಲಿಗೆ ಬಂದಿತ್ತು. ಅವಳು ಆಡುವುದನ್ನು ನಾನು ನೋಡಿದ್ದು ಅವಳಿಗೆ ಅರವತ್ತೆಂಟಾದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ, ಉದ್ದ ಲೇನಿನ ಮೇಲೆ ಭಾರದ ಚೆಂಡು ಉರುಳಿಸಿ ತುದಿಯ ಪಿನ್ನುಗಳನ್ನು ಕೆಡವುವ ಬೌಲಿಂಗ್ ಅಲಿಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಅವ್ವ ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿರುವ ನಮ್ಮ ಮನೆಗೆ ಬಂದು ನಿಂತಳು. ಅಷ್ಟರಲ್ಲೇ ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಿತು. ನಾನು ಟೊರ್ರಿ ಪೈನ್ಸಿನ ಲ್ಯಾಬಿಗೆ ಹೊರಟರೆ ಅವಳು ಗ್ಯಾರೇಜಿನ ಮುಂದೆ ಅತ್ತಿಂದಿತ್ತ ನಡೆಯುತ್ತ ಹೊತ್ತು ಕಳೆಯುತ್ತಿದ್ದಳು. ಮರುವರ್ಷ ಒಂದೊಂದೇ ಬಾಗಿಲು ತೆರೆದಾಗ, ಮಗಳ ಹುಟ್ಟುಹಬ್ಬಕ್ಕೆಂದು ಅವಳ ಗೆಳತಿಯರನ್ನೂ ಕರೆದುಕೊಂಡು ನಾವೆಲ್ಲ ಹತ್ತಿರದ ಹಳೆಯ ಬೌಲಿಂಗ್ ಅಲಿಗೆ ಹೋದೆವು. ಹುಡುಗಿಯರು ಚೆಂಡು ಉರುಳಿಸಿ ಕೂಗಾಡುತ್ತಿದ್ದರೆ, ಅವ್ವನ ಕಣ್ಣು ಪಕ್ಕದ ಲೇನಿನ ಮೇಲಿತ್ತು. ಅಲ್ಲಿ ಬಿಳಿ ಕೂದಲಿನ ಅಮೆರಿಕನ್ ಮುದುಕಿಯೊಬ್ಬಳು ಒಬ್ಬಳೇ ಆಡುತ್ತಿದ್ದಳು. ಅವಳ ಚೆಂಡು ಸದ್ದಿಲ್ಲದೆ ಹೊರಟು, ಕೊನೆಯಲ್ಲಿ ಒಳಕ್ಕೆ ಹೊರಳಿ, ಹತ್ತೂ ಪಿನ್ನುಗಳನ್ನು ಕೆಡವುತ್ತಿತ್ತು.

“ಆಕಿ ಹೆಜ್ಜಿ ನೋಡವಾ,” ಎಂದಳು ಅವ್ವ. “ಕೈಲೆ ಒಗಿಯಾಕತ್ತಿಲ್ಲ ಆಕಿ. ಕಾಲಿಂದ ಒಗಿಯಾಕತ್ತಾಳ.”

ಆ ಮಾತನ್ನು ನನ್ನ ಮಗಳು ಇಂಗ್ಲಿಷಿನಲ್ಲಿ ಮುದುಕಿಗೆ ಹೇಳಿಬಿಟ್ಟಳು. ಮುದುಕಿ ತಿರುಗಿ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಯಾವ ಆಟದ ಕೋಚ್ ಎಂದು ಕೇಳಿದಳು. ಆ ದಿನ ನಾವು ಕೇಕ್ ಕತ್ತರಿಸಿದಾಗ ಅವ್ವ ಅಲ್ಲಿರಲಿಲ್ಲ. ಬಾಡಿಗೆಯ ಕೆಂಪು-ನೀಲಿ ಬೂಟು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಲೇನಿನಲ್ಲಿ ಹೆಜ್ಜೆ ಕಲಿಯುತ್ತಿದ್ದಳು.

ಆ ಮುದುಕಿ ಎಪ್ಪತ್ತರ ದಶಕದಲ್ಲಿ ವೃತ್ತಿಯಾಗಿ ಬೌಲಿಂಗ್ ಆಡಿದವಳು. ಆಟದ ದುಡ್ಡು ಸಾಲದೆ, ವಾರವೆಲ್ಲ ವಿಮಾನದ ಕಾರ್ಖಾನೆಯಲ್ಲಿ ದುಡಿದು, ಶುಕ್ರವಾರ ಸಂಜೆ ಗೆಳತಿಯರ ಜೊತೆ ಒಂದೇ ಕಾರಿನಲ್ಲಿ ಟೂರ್ನಮೆಂಟಿಗೆ ಹೊರಡುತ್ತಿದ್ದಳಂತೆ. ಆ ಕಾಲದಲ್ಲಿ ಶನಿವಾರ ಮಧ್ಯಾಹ್ನವಾದರೆ ಮನೆಮನೆಯ ಟೀವಿಯಲ್ಲಿ ಬೌಲಿಂಗ್. ಇಸ್ತ್ರಿ ಮಾಡಿದ ಪ್ಯಾಂಟು, ಕಾಲರಿನ ಅಂಗಿ ತೊಟ್ಟ ಗಂಡಸರು ಆಡಿದರೆ ದೇಶವೇ ಉಸಿರು ಹಿಡಿದು ನೋಡುತ್ತಿತ್ತು. ಹೆಂಗಸರು ಆಡಿದರೆ ಅಲ್ಲೇ ಬಂದು ಕೂತಿದ್ದವರಷ್ಟೇ ನೋಡುತ್ತಿದ್ದರು. “ಆದರೆ ಪಿನ್ನುಗಳಿಗೆ ಅದು ಗೊತ್ತಿರಲಿಲ್ಲ,” ಎಂದು ಆಕೆ ನಗುತ್ತಿದ್ದಳು. ಈಗಿನ ಲೇನುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನಂಥವು. ಆಗ ಎಲ್ಲವೂ ಕಟ್ಟಿಗೆಯವು. ಕಟ್ಟಿಗೆಯ ಮೇಲೆ ಚೆಂಡು ಉರುಳುವ ಸದ್ದು ಕೇಳಿಯೇ ಎಸೆತ ಸರಿಯೋ ತಪ್ಪೋ ಹೇಳಬಹುದಿತ್ತಂತೆ.

ಅವ್ವ ಆಕೆಯನ್ನು, ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವ ಹಾಗೆ, ‘ಅಕ್ಕೋರ’ ಎಂದೇ ಕರೆಯುತ್ತಿದ್ದಳು. ಕಲಿಸಿದವರನ್ನು ಹೆಸರು ಹಿಡಿದು ಕರೆಯುವುದು ಅವಳಿಂದ ಆಗದ ಮಾತು. ಚಳಿಗಾಲದ ಹೊತ್ತಿಗೆ ಅವ್ವ ಹಿರಿಯರ ಲೀಗಿಗೆ ಸೇರಿದಳು. ಸೀರೆಯಿಂದ ಚೂಡಿದಾರಕ್ಕೆ ಬಂದಳು. ತನ್ನದೇ ಚೆಂಡು ಬೇಕೆಂದು ಹಟ ಹಿಡಿದು, ಬೆರಳ ಅಳತೆಗೆ ತೂತು ಕೊರೆಸಿಕೊಂಡಳು. ಪ್ರತಿ ಮಂಗಳವಾರ ಬೆಳಿಗ್ಗೆ ಲೀಗಿನ ಆಟಕ್ಕೆ ಮುದುಕಿಯೇ ಬಂದು ಅವ್ವನನ್ನು ಕರೆದೊಯ್ಯುತ್ತಿದ್ದಳು. ಇಬ್ಬರೂ ಕಾರಿನಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಎರಡು ವರ್ಷದ ನಂತರ ಸುದ್ದಿ ಬಂತು: ಲಾಸ್ ಏಂಜಲೀಸಿನ ಆಚೆ, ಪೊಮೊನಾ ಹತ್ತಿರದ ಹಳೆಯ ಬೌಲಿಂಗ್ ಅಲಿಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಸುತ್ತಮುತ್ತ ಕಟ್ಟಿಗೆ ಲೇನು ಉಳಿಸಿಕೊಂಡಿದ್ದು ಅದೊಂದೇ. ಮುದುಕಿ ತನ್ನ ಮೊದಲ ಪಂದ್ಯ ಗೆದ್ದಿದ್ದೂ ಅಲ್ಲೇ. ಮುಚ್ಚುವ ಮುನ್ನ ಹಳೆಯ ಆಟಗಾರರೆಲ್ಲ ಸೇರಿ ತಂಡ ಕಟ್ಟಿಕೊಂಡು ಕೊನೆಯ ಪಂದ್ಯ ಆಡುವುದೆಂದಾಯಿತು. ಆಕೆ ದಿನವೂ ಅಭ್ಯಾಸ ಮಾಡಿದಳು. ಅದೇ ಹೊತ್ತಿಗೆ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಆಗುವವರೆಗೆ ಚೆಂಡು ಮುಟ್ಟಬಾರದು ಎಂದರು ಡಾಕ್ಟರು. ಆಕೆ ನಮ್ಮ ಮನೆಗೆ ಬಂದು, ಅಡುಗೆಮನೆಯ ಕುರ್ಚಿಯಲ್ಲಿ ಕೂತು, ನನ್ನ ಜಾಗದಲ್ಲಿ ನೀವು ಆಡಿ ಎಂದು ಅವ್ವನನ್ನು ಕೇಳಿದಳು.

ಅವ್ವ ಆಕೆಯ ಮುಂದೆ ಚಹಾದ ಕಪ್ಪು ತಂದಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಹೂಂ ಅಂತ ಹೇಳು. ಆದ್ರ ಅವರೂ ಬರಬೇಕು, ನನ್ನ ಹಿಂದ ಕೂಡಬೇಕು,” ಎಂದಳು.

ಪಂದ್ಯದ ದಿನ, ಶನಿವಾರ, ಮೂವರೂ ಫ್ರೀವೇ ಹಿಡಿದು ಉತ್ತರಕ್ಕೆ ಹೊರಟೆವು. ಕಟ್ಟಡದ ಗೋಡೆಯ ಬಣ್ಣ ಸುಲಿದಿತ್ತು. ಒಳಗೆ ಮಾತ್ರ ಲೇನುಗಳು ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದವು. ಸ್ಕೋರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಬಂದವರಲ್ಲಿ ಹಲವರು ಮುದುಕಿಯನ್ನು ಗುರುತಿಸಿ ಎದ್ದು ನಿಂತರು. ಅವಳ ಜಾಗದಲ್ಲಿ ಆಡುವುದು ಜಡೆ ಕಟ್ಟಿದ ಈ ಭಾರತದ ಹೆಂಗಸು ಎಂದು ತಿಳಿದಾಗ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು.

ಅವ್ವ ಮೊದಲು ಸರಿಯಾಗಿ ಆಡಲಿಲ್ಲ. ಕಟ್ಟಿಗೆಯ ಮೇಲೆ ಚೆಂಡು ಬೇಗ ತಿರುಗುತ್ತಿತ್ತು. ನಡುವೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಬೇರೆಯವರ ಚೆಂಡಿನ ಸದ್ದು ಕೇಳುತ್ತಿದ್ದಾಳೆಂದು ನನಗೆ ಆಮೇಲೆ ಹೊಳೆಯಿತು. ಅಲ್ಲಿಂದಾಚೆ ಅವಳ ಹೆಜ್ಜೆ ಬದಲಾಯಿತು. ಸಾಲಾಗಿ ಪಿನ್ನುಗಳು ಉರುಳಿದವು. ಕೊನೆಯ ಸರದಿಯಲ್ಲಿ ಬಲಮೂಲೆಯ ಪಿನ್ನೊಂದು ಅಲುಗಾಡಿ ನಿಂತೇಬಿಟ್ಟಿತು. ಅದನ್ನು ಕೆಡವಲು ಉಳಿದದ್ದು ಒಂದೇ ಎಸೆತ. ಪಿನ್ನಿನ ಪಕ್ಕದಲ್ಲೇ ಲೇನಿನ ಅಂಚಿನ ಕಾಲುವೆ. ಒಂದಿಷ್ಟು ತಪ್ಪಿದರೆ ಚೆಂಡು ಅದರೊಳಗೆ.

ಅವ್ವ ಹಿಂದೆ ತಿರುಗಿ ಮುದುಕಿಯನ್ನು ನೋಡಿದಳು. ಆಕೆ ತನ್ನ ವಾಕರಿನ ಮೇಲೆ ಕೈಯಿಟ್ಟು ನೆಟ್ಟಗೆ ಕೂತಳು. ಅವ್ವ ಎಡ ಅಂಚಿಗೆ ಹೋಗಿ ನಿಂತು, ಓರೆಯಾಗಿ, ನಿಧಾನಕ್ಕೆ ಚೆಂಡು ಬಿಟ್ಟಳು. ಅದು ಕಟ್ಟಿಗೆಯ ಮೇಲೆ ಸದ್ದು ಮಾಡುತ್ತ ಅಷ್ಟುದ್ದದ ಲೇನನ್ನು ದಾಟಿತು. ಪಿನ್ನು ಬಿತ್ತು. ಮುಖ ಮುಖ ನೋಡಿಕೊಂಡಿದ್ದವರೇ ಮೊದಲು ಚಪ್ಪಾಳೆ ತಟ್ಟಿದರು.

ಅವ್ವನ ತಂಡ ಗೆಲ್ಲಲಿಲ್ಲ, ಎರಡನೆಯದಾಯಿತು. ಮುದುಕಿ ಅವ್ವನ ಕೈ ಹಿಡಿದು, ಇಲ್ಲಿ ನನ್ನ ಕೊನೆಯ ಆಟ ಚೆನ್ನಾಗಿ ಆಯಿತು ಎಂದಳು. ಈ ಮಾತನ್ನು ಮಾತ್ರ ನಾನು ಅವ್ವನಿಗೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಈಗ ಆ ಜಾಗದಲ್ಲಿ ಮೂರು ಅಂತಸ್ತಿನ ಮನೆಗಳು ಎದ್ದಿವೆ. ಮುದುಕಿಯ ಮೊಣಕಾಲು ಆಪರೇಷನ್ ಆಗಿ ವಾಸಿಯಾಯಿತು. ಕಳೆದ ಚಳಿಗಾಲದಲ್ಲಿ ಸ್ಯಾನ್ ಡಿಯೇಗೋದ ಹಿರಿಯರ ಪಂದ್ಯದಲ್ಲಿ ಇಬ್ಬರೂ ಎದುರು ಬದುರಾದರು. ಮುದುಕಿ ಗೆದ್ದಳು, ಅದೂ ಸ್ವಲ್ಪ ಅಂತರದಲ್ಲಲ್ಲ. ಅವ್ವ ನಗುತ್ತಲೇ ಕೈ ಕುಲುಕಿದಳು, ಕಾರಿಗೆ ಬಂದು ಬಾಗಿಲನ್ನು ದಬ್ಬನೆ ಹಾಕಿಕೊಂಡಳು. ದಾರಿಯಲ್ಲಿ ಕಾಫಿ ಬೇಕೇ ಎಂದರೆ ಬೇಡವೆಂದು ತಲೆಯಾಡಿಸಿದಳು. ಮನೆ ಹತ್ತಿರ ಬಂದಾಗ, “ಮಂಗಳವಾರ ಅಕ್ಕೋರ ಬರೂಕಿಂತ ಒಂದ ತಾಸು ಮೊದಲ ನೀನ ಅಲ್ಲಿ ಬಿಡು ನನ್ನ, ಪ್ರಾಕ್ಟೀಸ್ ಮಾಡಬೇಕು,” ಎಂದಳಷ್ಟೆ. ಎಪ್ಪತ್ತು ದಾಟಿದ ನನ್ನ ಅವ್ವ ಸೋತು ಸಿಟ್ಟಾಗಿದ್ದಳು. ನಾನು ಹೆಮ್ಮೆಯಿಂದ ಡ್ರೈವ್ ಮಾಡಿದೆ.