ಪೈನ್ ಮರದಡಿಯ ಹಳದಿ ಹಾಸು

ಕೊಝುನಾದ ಕಡಲ ದಂಡೆಯಲ್ಲಿ ಅಂಗಡಿಯಿಲ್ಲ, ಬಟ್ಟೆ ಬದಲಿಸುವ ಕೋಣೆಯಿಲ್ಲ, ಬಾಡಿಗೆಗೆ ಕೊಡೆ ಕೊಡುವವರಿಲ್ಲ. ಈರುಳ್ಳಿ ಹೊಲದ ಬದುವಿನಲ್ಲಿ ನಡೆದು ಬಂದರೆ ಮರಳು, ಮರಳಿನಾಚೆ ಕಡಲು. ಮನುಷ್ಯರ ಅನುಕೂಲಕ್ಕೆಂದು ಇರುವುದು ಒಂದು ನಲ್ಲಿ, ಅದೂ ಎಷ್ಟು ತಿರುಗಿಸಿದರೂ ಪೂರ್ತಿ ನಿಲ್ಲದ್ದು. ಮತ್ತು ಒಂದೇ ಒಂದು ಪೈನ್ ಮರ. ಅದರ ನೆರಳು ನಾಲ್ಕು ಜನ ಕಾಲು ಚಾಚುವಷ್ಟು, ಆರು ಜನ ಕಾಲು ಮಡಚುವಷ್ಟು. ಬೇಸಿಗೆಯಲ್ಲಿ ಆ ನೆರಳಿನ ಯಜಮಾನರು ಮೊಚಿಝುಕಿ ತೊಕಿಹಿಕೊ. ಹಾಗಂತ ಯಾರೂ ಬರೆದು ಕೊಟ್ಟಿರಲಿಲ್ಲ; ಮೊಚಿಝುಕಿಯವರೇ ತಮಗೆ ಕೊಟ್ಟುಕೊಂಡಿದ್ದರು.

ಅವರು ಪಕ್ಕದ ಪೇಟೆಯ ಬಸ್ ಡಿಪೊದಲ್ಲಿ ಬಸ್ಸುಗಳನ್ನು ಹೊರಡಿಸುವ ಕೆಲಸದಲ್ಲಿದ್ದವರು. ಬಿಳಿ ಟೋಪಿ, ಬಿಳಿ ಕೈಗವಸು, ಬಾಯಲ್ಲಿ ಸೀಟಿ. ಅವರು ಕೈ ಎತ್ತದೆ ಒಂದು ಬಸ್ಸೂ ಕದಲುತ್ತಿರಲಿಲ್ಲ. ನಿವೃತ್ತರಾದ ಮರುದಿನವೂ ಬಸ್ಸುಗಳು ಹೊರಟವು ಎಂಬುದು ಅವರ ಬಾಳಿನ ದೊಡ್ಡ ಆಘಾತ. ಅದರಿಂದ ಚೇತರಿಸಿಕೊಳ್ಳಲು ಅವರಿಗೆ ಹೊರಡಿಸುವುದಕ್ಕೆ ಏನಾದರೂ ಬೇಕಿತ್ತು. ಮನೆಯಲ್ಲಿ ಹೆಂಡತಿ ಚಿಜುಕೊ ಇದ್ದರು. "ಏಯ್, ಚಹಾ" ಎಂದರೆ ಚಹಾ ಹೊರಡುತ್ತಿತ್ತು. "ಏಯ್, ಟವೆಲ್" ಎಂದರೆ ಟವೆಲ್ಲು.

ದಂಡೆಯಲ್ಲಿ ಒಂದು ಕಾನೂನಿತ್ತು. ಮುಂಜಾನೆ ಯಾರು ಬಂದು ಹಾಸು ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರೋ ಆ ಜಾಗ ಸಂಜೆಯವರೆಗೆ ಅವರದು. ಹಾಸಿದವರು ಮನೆಗೆ ಹೋಗಿ ನಿದ್ದೆ ಮಾಡಿದರೂ ಸರಿಯೇ, ಮಿಕ್ಕವರು ಅದನ್ನು ಮುಟ್ಟುವಂತಿಲ್ಲ. ಗಾಳಿಗೆ ಅಂಚು ಮಡಚಿಕೊಂಡರೆ ಅದನ್ನು ಸರಿಮಾಡುವವರೂ ಮೊದಲು ಸುತ್ತ ನೋಡಿ, ಯಾರಿಗೂ ಅಲ್ಲದೆ ತಲೆಬಾಗಿ, ಆಮೇಲೆ ಬೆರಳು ತಾಗಿಸುತ್ತಿದ್ದರು. ಈ ಕಾನೂನನ್ನು ಮೊಚಿಝುಕಿಯವರು ಮಾಡಿದ್ದಲ್ಲ, ಆದರೆ ಅದರ ಪೊಲೀಸು, ವಕೀಲ, ನ್ಯಾಯಾಧೀಶ ಮೂರೂ ಅವರೇ. ಕೆಲವು ವರ್ಷಗಳ ಹಿಂದೆ ಕೋಬೆಯಿಂದ ಬಂದ ಹೊಸ ಜೋಡಿಯೊಂದು ಮೊಚಿಝುಕಿಯವರ ನೀಲಿ ಟಾರ್ಪಾಲನ್ನು ಒಂದು ಗೇಣು ಆಚೆ ಸರಿಸಿತು. ಮೊಚಿಝುಕಿಯವರು ಆ ಜೋಡಿಯ ಪಕ್ಕದಲ್ಲೇ ನಿಂತು ಅದನ್ನು ವಾಪಸು ಎಳೆಸಿದರು. ಓರೆಯಾಯಿತೆಂದು ಮತ್ತೊಮ್ಮೆ ಎಳೆಸಿದರು. ಆಮೇಲೆ ಅವರ ಕಲ್ಲಂಗಡಿ ಬೆಚ್ಚಗಾಗುವವರೆಗೆ ಶಿಸ್ತಿನ ಬಗ್ಗೆ ಮಾತಾಡಿದರು.

ಈ ವರ್ಷ ಬೀಗರು ಬರುವವರಿದ್ದರು. ಸೊಸೆ ಮಿಹೊಳ ತಂದೆ ಕುವಾಬಾರಾ, ಒಸಾಕಾದಲ್ಲಿ ಹಲ್ಲಿನ ಡಾಕ್ಟರು. ಹೊಸ ವರ್ಷದ ಊಟದಲ್ಲಿ ಅವರು ತಾವು ಹೋಗುವ ಬಿಸಿನೀರಿನ ಬುಗ್ಗೆಯ ಹೋಟೆಲಿಗೆ ಲಿಫ್ಟು ಇದೆಯೆಂದು ಎರಡು ಸಲ ಹೇಳಿದ್ದರು. ಮೊಚಿಝುಕಿಯವರು ಬಟ್ಟಲು ಕೆಳಗಿಟ್ಟು, "ಬೀಗರೇ, ಒಂದ್ಸಲ ನಮ್ಮ ಕಡಲಿಗೆ ಬನ್ನಿ. ನಮ್ಮ ಪೈನ್ ಮರದ ಕೆಳಗೆ ಕೂರಿಸ್ತೀನಿ. ಅಲ್ಲಿ ನಮ್ಮನ್ನ ಬಿಟ್ಟು ಇನ್ಯಾರೂ ಕೂರೋ ಹಾಗಿಲ್ಲ" ಎಂದಿದ್ದರು. ಅಂದಿನಿಂದ ಆಗಸ್ಟ್‌ವರೆಗೆ ಅವರ ಮಾನವೆಲ್ಲ ಆ ನೆರಳಿನಲ್ಲಿ ಒಣಗಲು ಹಾಕಿದ ಮೀನಿನಂತೆ ನೇತಾಡುತ್ತಿತ್ತು.

ಆ ದಿನ ಇನ್ನೂ ಸೂರ್ಯ ಹುಟ್ಟುವ ಮೊದಲೇ ಟಾರ್ಪಾಲು ಹೆಗಲಿಗೇರಿಸಿ ಹೋದರು. ಮರದಡಿ ಆಗಲೇ ಒಂದು ಹಾಸು ಬಿದ್ದಿತ್ತು. ಹಳದಿ ಬಣ್ಣದ್ದು, ಮೈತುಂಬ ಕಲ್ಲಂಗಡಿ ಹೋಳಿನ ಚಿತ್ರ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಸುತ್ತ ಒಂದು ನರಪಿಳ್ಳೆಯಿಲ್ಲ.

ಮೊಚಿಝುಕಿಯವರು ಕೆಮ್ಮಿದರು. ಹಾಸು ಉತ್ತರ ಕೊಡಲಿಲ್ಲ. ಅದನ್ನು ಸುರುಳಿ ಸುತ್ತಿ ಕಡಲಿಗೆ ಎಸೆಯುವುದು ಕ್ಷಣದ ಕೆಲಸ. ಆದರೆ ಎಸೆದ ಮೇಲೆ ತಾವು ಯಾರಿಗೆ ಶಿಸ್ತು ಹೇಳುವುದು? ಕೊನೆಗೆ ನೀಲಿ ಟಾರ್ಪಾಲನ್ನು ಪಕ್ಕದಲ್ಲೇ ಬಯಲಿಗೆ ಹಾಸಿ, ಹಳದಿಯವರು ಬೆಳಗ್ಗೆ ಮುಳುಗೆದ್ದು ಹೊರಟುಹೋಗುವ ಜಾತಿಯಿರಲೆಂದು ಆಶಿಸಿ, ಮನೆಗೆ ಬಂದರು. ಚಿಜುಕೊ ಅಡುಗೆಮನೆಯಲ್ಲಿ ಅನ್ನದ ಉಂಡೆ ಕಟ್ಟುತ್ತಿದ್ದರು.

"ನಮ್ಮ ಜಾಗದಲ್ಲಿ ಯಾವನೋ ಹಾಸಿದಾನೆ!"

"ಹೌದಾ."

"ಹಳದಿ ಬಣ್ಣ! ಅದರ ಮೇಲೆ ಕಲ್ಲಂಗಡಿ ಚಿತ್ರ! ಎಂಥಾ ಜನ ಇರ್ಬೇಕು!"

"ಎಂಥಾ ಜನಾನೋ" ಎಂದು ಚಿಜುಕೊ ಉಂಡೆಯನ್ನು ಅಂಗೈಯಲ್ಲಿ ಒತ್ತಿದರು. "ತೆಗೆದು ಬಿಸಾಕಿದ್ರಾ?"

"ನಾನು ಅಂಥವನಾ?"

"ಅಲ್ವಲ್ಲ. ಅದೇ ಸಮಾಧಾನ."

ಹೊತ್ತೇರಿದ ಮೇಲೆ ಎಲ್ಲರೂ ಸಾಲಾಗಿ ಬಂದರು: ಮುಂದೆ ಬಿಳಿ ಟೋಪಿಯ ಮೊಚಿಝುಕಿಯವರು, ಹಿಂದೆ ಬೀಗರು, ಒಲೆ ಹೊತ್ತ ಮಗ ತೊಮೊಯುಕಿ, ಸೊಸೆ ಮಿಹೊ, ಗಾಳಿ ತುಂಬಿದ ಮೊಸಳೆಯನ್ನು ಎಳೆಯುವ ಮೊಮ್ಮಗಳು ಕೊಹಾರು, ಎಲ್ಲರ ಹಿಂದೆ ಡಬ್ಬಿಗಳ ಗಂಟಿನ ಜೊತೆ ಚಿಜುಕೊ. ಹಳದಿ ಹಾಸು ಹಾಗೇ ಖಾಲಿ ಬಿದ್ದಿತ್ತು. ನೆರಳು ಅದರ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ನೀಲಿ ಟಾರ್ಪಾಲು ಕಾದ ಕಾವಲಿಯಾಗಿತ್ತು.

"ಇದೇನಾ ಬೀಗರೇ, ಆ ಮರ?" ಎಂದರು ಕುವಾಬಾರಾ, ಬಿಸಿಲಲ್ಲಿ ಕೂರುತ್ತ.

"ಅದೇ. ಇವತ್ತು ಯಾರೋ ನಾಗರಿಕತೆ ಇಲ್ಲದವರು..."

ಮಾತು ಅಲ್ಲಿಗೇ ನಿಂತಿತು. ಚಿಜುಕೊ ಡಬ್ಬಿಗಳನ್ನೂ ಫ್ಲಾಸ್ಕನ್ನೂ ನೀಲಿ ಟಾರ್ಪಾಲಿನ ಮೇಲಿಟ್ಟರು. ಕಲ್ಲಂಗಡಿಯೊಂದನ್ನು ಮಾತ್ರ ಕಂಕುಳಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದರು. ಹಳದಿ ಹಾಸಿನ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಮನೆಯೊಳಗೆ ಕಾಲಿಡುವವರಂತೆ ಬಗ್ಗಿ ಅವುಗಳ ಮೂತಿಯನ್ನು ಹೊರಕ್ಕೆ ತಿರುಗಿಸಿಟ್ಟರು. ಆಮೇಲೆ ಹಾಸಿನ ನಟ್ಟನಡುವೆ ಕೂತು ಕಾಲು ಚಾಚಿದರು.

"ಏಯ್! ಅದು ಬೇರೆಯವರದು!"

"ಅಲ್ಲ, ನನ್ನದು. ನಿನ್ನೆ ಸಂತೆಯಲ್ಲಿ ತಗೊಂಡೆ, ನಿಮಗಿಂತ ಮುಂಚೆ ಬಂದು ಹಾಸಿದೆ."

"ತಲೆ ಕೆಟ್ಟಿದೆಯಾ? ಏಳು ಮೇಲೆ!"

"ಕಲ್ಲು ನೋಡಿ. ನಾಲ್ಕೂ ಇವೆ."

ಮೊಚಿಝುಕಿಯವರು ನಿಜಕ್ಕೂ ನೋಡಿದರು. ನಾಲ್ಕೂ ಇದ್ದವು.

"ಬೀಗರ ಎದುರಿಗೆ ಇದೇನು ನಾಟಕ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಹಲ್ಲಿನ ಡಾಕ್ಟರಿಗೆ ಅದು ಚೆನ್ನಾಗಿಯೇ ಕೇಳಿಸಿತು.

"ಹೋದ ವರ್ಷ ಎಲ್ಲರೆದುರಿಗೂ ಏನಂದ್ರಿ? 'ಅಜ್ಜಿಗೇನು, ಬರೋದು, ಕೂರೋದು, ಹೋಗೋದು' ಅಂತ. ನಾನಿಲ್ಲಿ ಕೂತಿದ್ದು ಯಾವಾಗ ಅಂತ ಚಳಿಗಾಲ ಪೂರ್ತಿ ಯೋಚ್ನೆ ಮಾಡಿದೆ. ಒಲೆ ಊದಿದ್ದು ಜ್ಞಾಪಕ ಬಂತು, ಪಾತ್ರೆ ತೊಳೆದಿದ್ದು ಬಂತು. ಕೂತಿದ್ದು ಬರ್ಲಿಲ್ಲ. ಅದಕ್ಕೇ ಈ ವರ್ಷ ಬಂದಿದೀನಿ, ಕೂತಿದೀನಿ. ಸಂಜೆ ಹೋಗ್ತೀನಿ."

"ಅಲ್ಲಿ ನಾವೆಲ್ಲ ಕೂರ್ಬೇಕು!"

"ಕೂರಿ. ಕೇಳ್ಕೊಂಡು ಬನ್ನಿ."

"ನಾನು? ನಿನ್ನ ಕೇಳ್ಬೇಕಾ?"

"ಹಾಸು ಯಾರದೋ ಅವರನ್ನ. ಕಾನೂನು ನಿಮ್ದೇ."

ದಂಡೆಯಲ್ಲಿ ಇನ್ನೂ ಮೂರು ನಾಲ್ಕು ಸಂಸಾರಗಳಿದ್ದವು. ಒಬ್ಬರೂ ಇತ್ತ ನೋಡಲಿಲ್ಲ. ಅಷ್ಟು ಶ್ರದ್ಧೆಯಿಂದ ಎಲ್ಲರೂ ಕಡಲನ್ನೇ ನೋಡುತ್ತಿದ್ದುದು ಮೊಚಿಝುಕಿಯವರಿಗೆ ಇನ್ನಷ್ಟು ಚುಚ್ಚಿತು. ನೀಲಿ ಟಾರ್ಪಾಲಿನಿಂದ ಯಾರೂ ಕದಲಬಾರದೆಂದು ಅವರು ಅಪ್ಪಣೆ ಕೊಟ್ಟರು.

ಮೊದಲು ಕದಲಿದ್ದು ಕೊಹಾರು. ಮರಳು ಸುಡುತ್ತದೆಂದು ಕುಣಿಯುತ್ತ ಹೋಗಿ, "ಅಜ್ಜೀ, ಬರ್ಲಾ?" ಎಂದಳು. "ಬಾ ಪುಟ್ಟಿ." ಅವಳ ಹಿಂದೆ ಮಿಹೊ, ಮಗುವಿಗೆ ಟೋಪಿ ಕೊಡುವ ನೆಪದಲ್ಲಿ. "ಬರಬಹುದಾ ಅತ್ತೆ?" "ಬಾರಮ್ಮ, ಈ ಕಡೆ ತಂಪಿದೆ."

ಬೀಗರು ಸ್ವಲ್ಪ ಹೊತ್ತು ತಡೆದರು. ಬೋಳು ತಲೆ, ಟೋಪಿ ತಂದಿರಲಿಲ್ಲ. ಕೊನೆಗೆ ಎದ್ದು ಹಾಸಿನ ಅಂಚಿಗೆ ಹೋಗಿ, ಬೇರೆಯವರ ಮನೆ ಹೊಸ್ತಿಲಲ್ಲಿ ನಿಂತಂತೆ ನಿಂತು, ಸೊಂಟ ಬಗ್ಗಿಸಿ, ಹೊಸ್ತಿಲಲ್ಲಿ ಹೇಳುವ ಮಾತನ್ನೇ ಹೇಳಿದರು: "ತೊಂದರೆ ಕೊಡ್ತಾ ಇದೀನಿ."

"ಅಯ್ಯೋ, ತೊಂದರೆ ಏನು ಬಂತು, ದಯವಿಟ್ಟು ಒಳಗೆ ಬನ್ನಿ" ಎಂದು ಚಿಜುಕೊ ಅಷ್ಟೇ ಬಗ್ಗಿದರು. ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ, "ಬೀಗರೇ! ಈ ನೆರಳು ನೀವು ಹೇಳಿದ್ದಕ್ಕಿಂತ ಚೆನ್ನಾಗಿದೆ!" ಎಂಬ ಕೂಗು ಬಂತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು; ಆದ್ದರಿಂದಲೇ ಅದು ಬಾಣದಂತೆ ನಾಟಿತು.

ನೀಲಿ ಟಾರ್ಪಾಲಿನ ಮೇಲೆ ಉಳಿದದ್ದು ತಂದೆ, ಮಗ ಮತ್ತು ಬೊಂಡಾಸ್ ಮೀನು ಸುಡಲಿಟ್ಟ ಒಲೆ.

"ಅಪ್ಪಾ, ಬೊಂಡಾಸನ್ನ ಯಾವಾಗ ತಿರುವಬೇಕು?"

"ನನಗೇನು ಗೊತ್ತು!"

"ಅಮ್ಮನ್ನ ಕೇಳ್ಲಾ?"

"ಕೇಳ್ಬೇಡ!"

ಬೊಂಡಾಸ್ ಸುರುಟಿ ಕರಿ ಚಪ್ಪಲಿಯಾಯಿತು. ತೊಮೊಯುಕಿ ಅದನ್ನು ತಟ್ಟೆಗೆ ಹಾಕಿ, "ಇದನ್ನ ಅಮ್ಮನಿಗೆ ತೋರಿಸಿ ಬರ್ತೀನಿ" ಎಂದು ಹೋದ. ಬರಲಿಲ್ಲ. ಅಲ್ಲಿಂದ ನಗು ಕೇಳಿಸಿತು.

ಒಂಟಿಯಾದ ಮೊಚಿಝುಕಿಯವರು ಡಿಪೊದ ಬುದ್ಧಿ ಉಪಯೋಗಿಸಿದರು. ಕಡಲು ನೋಡುತ್ತಿರುವವರಂತೆ ಕೂತು, ಹಿಮ್ಮಡಿಯಿಂದ ಟಾರ್ಪಾಲನ್ನು ಇಷ್ಟಿಷ್ಟೇ ನೆರಳಿನತ್ತ ತಳ್ಳತೊಡಗಿದರು. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ನೋಡಿದರೆ ಕೋಬೆಯ ಆ ಹುಡುಗ. ಈಗ ಹೊಟ್ಟೆ ಬಂದಿದೆ, ಎರಡು ಮಕ್ಕಳಾಗಿವೆ.

"ಮೊಚಿಝುಕಿ-ಸಾನ್, ಕ್ಷಮಿಸ್ಬೇಕು. ನಿಮ್ಮ ಹಾಸು ಒಂದು ಗೇಣು ಆ ಕಡೆ ಹೋಗಿದೆ ಅಂತ ಕಾಣುತ್ತೆ. ಹಳದಿಯವರಿಗೆ ತೊಂದರೆಯಾದೀತು."

"ಗಾಳಿ" ಎಂದರು ಮೊಚಿಝುಕಿಯವರು. ಎಲೆ ಅಲುಗುತ್ತಿರಲಿಲ್ಲ.

"ಗಾಳೀನೇ ಇರ್ಬೇಕು. ನಾನು ಹಿಡ್ಕೊಳ್ತೀನಿ, ನೀವು ಎಳೀರಿ." ಇಬ್ಬರೂ ಎಳೆದರು. "ಸ್ವಲ್ಪ ಓರೆ ಆಯ್ತಲ್ವಾ?" ಎಂದ ಆತ. ಮತ್ತೊಮ್ಮೆ ಎಳೆದರು.

ಮಧ್ಯಾಹ್ನದ ಸೂರ್ಯ ಬಿಳಿ ಟೋಪಿಯೊಳಗೆ ಒಲೆ ಹೂಡಿದ. ಮೊಚಿಝುಕಿಯವರು ಎದ್ದು ಕಡಲಿಗಿಳಿದು ಕತ್ತಿನವರೆಗೆ ನಿಂತರು. ನೀರಲ್ಲಿ ನಿಂತವನನ್ನು ಸೋತವನೆಂದು ಯಾರೂ ಹೇಳಲಾರರು. ಟೋಪಿ ತೆಗೆದಿರಲಿಲ್ಲವಾದ್ದರಿಂದ ದಡದಿಂದ ನೋಡಿದವರಿಗೆ ಟೋಪಿಯೊಂದು ತೇಲುತ್ತಿರುವಂತಿತ್ತು. ಬೆರಳು ಸುಕ್ಕುಗಟ್ಟಿದವು. ಏನೋ ಒಂದು ಮೊಣಕಾಲು ಸವರಿ ಹೋಗಿ ಉರಿ ಹತ್ತಿತು, ಅಂಬಲಿ ಮೀನಿರಬೇಕು. ಅವರು ಕೂಗಲಿಲ್ಲ. ಕೂಗಿದರೆ ಬಾಯಿಗೆ ಬರುವುದು ಒಂದೇ ಹೆಸರು, ಅದನ್ನು ಇವತ್ತು ಬಾಯಿಗೆ ತಂದುಕೊಳ್ಳುವಂತಿರಲಿಲ್ಲ.

ಆದರೆ ಮೇಲೆ ಬರಲೇಬೇಕಾಯಿತು. ಮರಳು ಅಂಗಾಲು ಸುಡುತ್ತಿತ್ತು. ಒಂದು ಕಾಲು ಕುಂಟುತ್ತ, ಇನ್ನೊಂದು ಕುಣಿಯುತ್ತ ಬಂದು ಹಳದಿ ಹಾಸಿನ ಅಂಚಿನಲ್ಲಿ ನಿಂತರು. ಬೀಗರು ಕಲ್ಲಂಗಡಿ ಬೀಜ ಎಣಿಸುವವರಂತೆ ತಲೆ ತಗ್ಗಿಸಿದರು.

ಮೊಚಿಝುಕಿಯವರ ತುಟಿ ಅಲುಗಿತು.

"ಏನಂದ್ರಿ?" ಎಂದರು ಚಿಜುಕೊ.

"ಕೇಳಿಸಿದೆ ನಿನಗೆ."

"ಇಲ್ವಲ್ಲ. ಅಲೆ ಸದ್ದು."

"ತೊಂದರೆ ಕೊಡ್ತಾ ಇದೀನಿ!" ಇಷ್ಟು ವರ್ಷ ಬಸ್ಸು ಹೊರಡಿಸಿದ ಗಂಟಲು. ಈರುಳ್ಳಿ ಹೊಲದವರೆಗೂ ಹೋಯಿತು. ದಂಡೆಯ ಸಂಸಾರಗಳೆಲ್ಲ ಇನ್ನಷ್ಟು ಗಮನವಿಟ್ಟು ಕಡಲು ನೋಡಿದವು.

ಚಿಜುಕೊ 'ತೊಂದರೆ ಏನು ಬಂತು' ಎನ್ನಲಿಲ್ಲ. ಒಂದು ಕ್ಷಣ ಯೋಚಿಸಿ, ಕಲ್ಲಂಗಡಿಯ ಸಿಪ್ಪೆಯ ತಟ್ಟೆಯನ್ನು ಒಂದಿಷ್ಟು ಸರಿಸಿದರು. ಬಿಟ್ಟ ಜಾಗದಲ್ಲಿ ಮೊಚಿಝುಕಿಯವರು ಕೂತರು. ಒಂದು ತೊಡೆ ನೆರಳಿಗೆ ಸಿಕ್ಕಿತು, ಇನ್ನೊಂದು ಬಿಸಿಲಿನಲ್ಲೇ ಉಳಿಯಿತು. ಗಂಟಲು ಒಣಗಿತ್ತು.

"ಏಯ್..." ಎಂದವರು ಅಷ್ಟಕ್ಕೇ ತಡೆದು, "ಚಹಾ ಇದೆಯಾ?" ಎಂದರು.

"ಇದೆ. ಫ್ಲಾಸ್ಕು ನಿಮ್ಮ ಹಾಸಿನ ಮೇಲಿದೆ" ಎಂದು ಚಿಜುಕೊ ಕಣ್ಣು ಮುಚ್ಚಿ ಕಾಲು ಇನ್ನೊಂದಿಷ್ಟು ಚಾಚಿದರು. "ಹೋಗಿ ತಗೊಂಡು ಬನ್ನಿ. ಆದ್ರೆ ಎದ್ದು ಹೋದವರು ವಾಪಸ್ ಬರುವಾಗ ಮತ್ತೆ ಕೇಳಿ ಬರ್ಬೇಕು."

ಮೊಚಿಝುಕಿಯವರು ಫ್ಲಾಸ್ಕಿನ ಕಡೆ ನೋಡಿದರು. ನಡುವಿನ ಮರಳಿನ ಕಡೆ ನೋಡಿದರು. ಬಾಯಾರಿಕೆ ಅಷ್ಟೇನೂ ಇಲ್ಲ ಎಂದರು.